ಐಸಿಯುನಲ್ಲಿ ರಕ್ತಸ್ರಾವವಾಗುತ್ತಿರುವ ವಯಸ್ಕ ರೋಗಿಗೆ ರಕ್ತ ಕೊಡುವಾಗ: ಹಾಸಿಗೆಯ ಪಕ್ಕದ ಮಾರ್ಗದರ್ಶಿ

ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯ ಹೊಣೆ ಹೊತ್ತಿರುವ ಯುವ ವೈದ್ಯರನ್ನೂ ಶುಶ್ರೂಷಾಧಿಕಾರಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ. ಹೊರಗಿನ ಬೆಂಚಿನ ಮೇಲೆ ಕುಳಿತು 'ಇನ್ನೂ ಎಷ್ಟು ಬಾಟಲ್ ಬೇಕು ಡಾಕ್ಟ್ರೇ' ಎಂದು ಕೇಳುವ ಮನೆಯವರಿಗೂ ಒಳಗೆ ನಡೆಯುತ್ತಿರುವುದು ಅರ್ಥವಾಗಬೇಕು ಎಂಬ ಆಸೆಯಿದೆ. ಇಲ್ಲಿರುವ ಪ್ರಮಾಣಗಳೆಲ್ಲ ವಯಸ್ಕರಿಗೆ ಸಂಬಂಧಿಸಿದವು. ನಿಮ್ಮ ಆಸ್ಪತ್ರೆಯಲ್ಲಿ ಲಿಖಿತ ನಿಯಮಾವಳಿ ಇದ್ದರೆ ಅದನ್ನೇ ಮೊದಲು ಅನುಸರಿಸಿ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ರಕ್ತದ ಚೀಲವು ರಕ್ತಸ್ರಾವಕ್ಕೆ ಚಿಕಿತ್ಸೆಯಲ್ಲ. ಸೋರುವ ಜಾಗವನ್ನು ಶಸ್ತ್ರಚಿಕಿತ್ಸಕರೋ ಎಂಡೋಸ್ಕೋಪಿ ಮಾಡುವವರೋ ಪ್ರಸೂತಿ ತಜ್ಞರೋ ಮುಚ್ಚುವವರೆಗೆ ರೋಗಿಯನ್ನು ಉಳಿಸಿಕೊಳ್ಳುವ ಸಮಯವನ್ನಷ್ಟೇ ಅದು ಕೊಡುತ್ತದೆ. ಆದ್ದರಿಂದ ರಕ್ತನಿಧಿಗೆ ಮಾಡುವ ಕರೆ ಮತ್ತು ರಕ್ತಸ್ರಾವ ನಿಲ್ಲಿಸಬಲ್ಲವರಿಗೆ ಮಾಡುವ ಕರೆ ಎರಡೂ ಒಂದೇ ಸಮಯದಲ್ಲಿ ಹೋಗಬೇಕು.

ಮೊದಲ ಹೆಜ್ಜೆ: ರಕ್ತ ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ತಿಳಿಯಿರಿ

ಹೊಸಬರು ಮೊದಲು ನೋಡುವುದು ಹಿಮೋಗ್ಲೋಬಿನ್ ವರದಿಯನ್ನು. ಆರಂಭದ ಗಂಟೆಯಲ್ಲಿ ಹೆಚ್ಚು ದಾರಿ ತಪ್ಪಿಸುವುದೂ ಅದೇ. ದೇಹದಿಂದ ಒಂದೂವರೆ ಲೀಟರ್ ರಕ್ತ ಹೊರಹೋದರೂ ಒಳಗೆ ಉಳಿದಿರುವುದು ಅಷ್ಟೇ ಗಾಢತೆಯ ರಕ್ತವಾದ್ದರಿಂದ, ಅಂಗಾಂಶಗಳ ನೀರು ರಕ್ತನಾಳದೊಳಗೆ ಬಂದು ಬೆರೆಯುವವರೆಗೆ ಅಥವಾ ನಾವೇ ಸಲೈನ್ ಸುರಿಯುವವರೆಗೆ ಹಿಮೋಗ್ಲೋಬಿನ್ ಹೆಚ್ಚು ಇಳಿಯುವುದಿಲ್ಲ. ಡೆಸಿಲೀಟರಿಗೆ 11 ಗ್ರಾಂ ಎಂಬ ವರದಿಯನ್ನು ಕೈಯಲ್ಲಿ ಹಿಡಿದುಕೊಂಡೇ ರೋಗಿಯನ್ನು ಕಳೆದುಕೊಳ್ಳುವ ಸಾಧ್ಯತೆಯಿದೆ.

ಬದಲಿಗೆ ರೋಗಿಯನ್ನು ನೋಡಿ. ನಿಮಿಷಕ್ಕೆ ನಾಡಿಬಡಿತ ಎಷ್ಟೆಂಬುದನ್ನು ಮೇಲಿನ (ಸಿಸ್ಟೋಲಿಕ್) ರಕ್ತದೊತ್ತಡದಿಂದ ಭಾಗಿಸಿದಾಗ ಬರುವ ಅಂಕಿ 1ನ್ನು ದಾಟಿದರೆ, ಅಂದರೆ ನಾಡಿ 120 ಇದ್ದು ಒತ್ತಡ 100 ಇದ್ದರೆ, ಗಂಭೀರ ರಕ್ತನಷ್ಟವಾಗಿದೆ ಎಂದೇ ಭಾವಿಸಿ ಮುಂದುವರಿಯಿರಿ. ತಣ್ಣಗಿನ ಕೈಕಾಲು, ಬೆವರು, ಕಾರಣವಿಲ್ಲದ ಚಡಪಡಿಕೆ, ಕಡಿಮೆಯಾಗುವ ಮೂತ್ರ, ಏರುತ್ತಿರುವ ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಹೆಚ್ಚುವ ವಸ್ತು) ಇವೆಲ್ಲ ಹಿಮೋಗ್ಲೋಬಿನ್‌ಗಿಂತ ಮೊದಲೇ ಮಾತನಾಡುತ್ತವೆ. ನಾಡಿಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ನಾಡಿ ಏರದೇ ಇರಬಹುದು; ಮನೆಯವರನ್ನು ಕೇಳಿ ತಿಳಿದುಕೊಳ್ಳಿ.

ರಕ್ತ ಕಣ್ಣಿಗೆ ಕಾಣದಿದ್ದರೆ ಅಡಗುವ ಜಾಗಗಳನ್ನು ಒಂದೊಂದಾಗಿ ಹುಡುಕಿ: ಎದೆಗೂಡು, ಹೊಟ್ಟೆ, ಸೊಂಟದ ಮೂಳೆಯ ಸುತ್ತ ಮತ್ತು ಹೊಟ್ಟೆಯ ಹಿಂಭಾಗ, ತೊಡೆ, ಕರುಳು. ಹಾಸಿಗೆಯ ಹೊದಿಕೆಯನ್ನು ಸರಿಸಿ ನೋಡಿ. ಹೆರಿಗೆಯ ನಂತರದ ತಾಯಿಯಲ್ಲಿ ಇದನ್ನು ಮರೆಯಲೇಬಾರದು.

ಎರಡನೆಯ ಹೆಜ್ಜೆ: ಮಾದರಿ ರಕ್ತ ಮತ್ತು ರಕ್ತನಿಧಿಗೆ ಕೋರಿಕೆ

ಎರಡು ದಪ್ಪ ಕ್ಯಾನುಲಾ ಹಾಕಿ. ಮೊದಲ ಸೂಜಿಯಲ್ಲೇ ಗುಂಪು ಮತ್ತು ಕ್ರಾಸ್ ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ), ರಕ್ತಕಣಗಳ ಎಣಿಕೆ, ಪಿಟಿ, ಐಎನ್‌ಆರ್, ಎಪಿಟಿಟಿ (ಈ ಮೂರೂ ರಕ್ತ ಹೆಪ್ಪುಗಟ್ಟುವ ವೇಗವನ್ನು ಅಳೆಯುತ್ತವೆ), ಫೈಬ್ರಿನೋಜನ್ (ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್), ರಕ್ತದ ಅನಿಲಗಳ ಪರೀಕ್ಷೆ ಮತ್ತು ಅಯಾನೀಕೃತ (ರಕ್ತದಲ್ಲಿ ಮುಕ್ತವಾಗಿರುವ) ಕ್ಯಾಲ್ಸಿಯಂಗೆ ಬೇಕಾದ ರಕ್ತವನ್ನು ತೆಗೆದುಕೊಳ್ಳಿ.

ಈಗ ಹೇಳುವುದನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ತಪ್ಪು ಗುಂಪಿನ ರಕ್ತ ಹೋಗುವ ಅನಾಹುತಗಳಲ್ಲಿ ಹೆಚ್ಚಿನವು ಪ್ರಯೋಗಾಲಯದಲ್ಲಿ ಹುಟ್ಟುವುದಿಲ್ಲ. ಹಾಸಿಗೆಯ ಪಕ್ಕದಲ್ಲಿ, ಟ್ಯೂಬಿನ ಮೇಲೆ ಹೆಸರು ಬರೆಯುವಾಗಲೋ ಚೀಲ ಹಾಕುವಾಗಲೋ ಹುಟ್ಟುತ್ತವೆ. ಮೊದಲೇ ಹೆಸರು ಬರೆದಿಟ್ಟ ಖಾಲಿ ಟ್ಯೂಬನ್ನು ಬಳಸಬೇಡಿ, ರಕ್ತ ತೆಗೆದು ಶುಶ್ರೂಷಾ ಕೌಂಟರಿಗೆ ಹೋಗಿ ಅಲ್ಲಿ ಚೀಟಿ ಅಂಟಿಸಬೇಡಿ. ರೋಗಿಯ ಮಣಿಕಟ್ಟಿನ ಪಟ್ಟಿಯಲ್ಲಿರುವ ಹೆಸರು ಮತ್ತು ಆಸ್ಪತ್ರೆ ಸಂಖ್ಯೆಯನ್ನು ಓದಿ, ಅದೇ ಹಾಸಿಗೆಯ ಪಕ್ಕದಲ್ಲಿ, ರಕ್ತ ತೆಗೆದವರೇ ಬರೆದು ಸಹಿ ಮಾಡಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ, ಇಬ್ಬರು ಮಂಜುನಾಥ ಇರುವುದು ನಮ್ಮಲ್ಲಿ ದಿನನಿತ್ಯದ ಸಂಗತಿ, ಹೆಸರೊಂದನ್ನೇ ನಂಬಬಾರದು.

ಕೋರಿಕೆ ಚೀಟಿಯಲ್ಲಿ 'ತುರ್ತು' ಎಂದಷ್ಟೇ ಬರೆದರೆ ರಕ್ತನಿಧಿಯವರಿಗೆ ಏನೂ ತಿಳಿಯುವುದಿಲ್ಲ. ಫೋನ್ ಮಾಡಿ, ಎಷ್ಟು ನಿಮಿಷದೊಳಗೆ ಬೇಕು ಎಂದು ಹೇಳಿ. ಪೂರ್ಣ ಕ್ರಾಸ್ ಮ್ಯಾಚ್‌ಗೆ ಸುಮಾರು ಮುಕ್ಕಾಲು ಗಂಟೆ ಬೇಕಾಗುತ್ತದೆ. ರೋಗಿಯ ಗುಂಪನ್ನಷ್ಟೇ ನೋಡಿ ಅದೇ ಗುಂಪಿನ ರಕ್ತ ಕೊಡಲು ಕಾಲು ಗಂಟೆ ಸಾಕಾಗಬಹುದು. ಅಷ್ಟೂ ಕಾಯಲಾಗದಿದ್ದರೆ ಓ ಗುಂಪಿನ ಕೆಂಪು ರಕ್ತಕಣಗಳನ್ನು ಕೊಡಬೇಕಾಗುತ್ತದೆ. ಓ ನೆಗೆಟಿವ್ ನಮ್ಮ ದೇಶದಲ್ಲಿ ಅಪರೂಪವಾದ್ದರಿಂದ ಅದನ್ನು ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಉಳಿಸಿ, ಗಂಡಸರಿಗೂ ಹಿರಿಯ ಮಹಿಳೆಯರಿಗೂ ಓ ಪಾಸಿಟಿವ್ ಕೊಡುವುದು ಸರಿಯಾದ ಕ್ರಮ. ಪ್ಲಾಸ್ಮಾದ (ಕಣಗಳನ್ನು ಬೇರ್ಪಡಿಸಿದ ರಕ್ತದ ದ್ರವಭಾಗದ) ಲೆಕ್ಕ ಇದಕ್ಕೆ ತಿರುಗುಮುರುಗು: ಗುಂಪು ತಿಳಿಯದಿದ್ದಾಗ ಎಬಿ ಗುಂಪಿನ ಪ್ಲಾಸ್ಮಾ ಎಲ್ಲರಿಗೂ ಹೊಂದುತ್ತದೆ.

ಎಷ್ಟೇ ಅವಸರವಿದ್ದರೂ ಮಾದರಿಯನ್ನು ರಕ್ತನಿಧಿಗೆ ಕಳುಹಿಸಲೇಬೇಕು ಎನ್ನುವುದಕ್ಕೆ ನಮ್ಮ ನೆಲದ್ದೇ ಒಂದು ಕಾರಣವಿದೆ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ 'ಬಾಂಬೆ' ರಕ್ತಗುಂಪಿನವರು ಸಾಮಾನ್ಯ ಪರೀಕ್ಷೆಯಲ್ಲಿ ಓ ಗುಂಪಿನವರಂತೆಯೇ ಕಾಣುತ್ತಾರೆ. ಆದರೆ ಅವರ ರಕ್ತದಲ್ಲಿ, ಓ ಗುಂಪಿನ ಕಣಗಳ ಮೇಲೂ ಇರುವ ಎಚ್ ಪ್ರತಿಜನಕದ ವಿರುದ್ಧ ಪ್ರತಿಕಾಯಗಳಿರುವುದರಿಂದ ಓ ಗುಂಪಿನ ರಕ್ತವೂ ಅವರಿಗೆ ವಿಷವಾಗುತ್ತದೆ. ಪ್ರಪಂಚದ ಬೇರೆಡೆಗಿಂತ ಭಾರತದಲ್ಲಿ ಇಂಥವರ ಪ್ರಮಾಣ ಹೆಚ್ಚು. ಓ ಎಂದು ಬಂದ ರೋಗಿಯ ಮಾದರಿಗೆ ಯಾವ ಓ ಚೀಲವೂ ಹೊಂದುತ್ತಿಲ್ಲ ಎಂದು ರಕ್ತನಿಧಿಯಿಂದ ಕರೆ ಬಂದರೆ, ಅವರನ್ನು ಅವಸರಿಸಬೇಡಿ.

ಮನೆಯವರ ವಿಚಾರ. ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವಾಗ ಏಕೆ ಕೊಡುತ್ತಿದ್ದೇವೆ, ಏನು ಅಪಾಯವಿದೆ ಎಂದು ಎರಡು ನಿಮಿಷ ವಿವರಿಸಿ. ದಾನಿಗಳನ್ನು ಕರೆತರಲು ಹೇಳಿದಾಗ, ಅವರು ಕೊಟ್ಟ ರಕ್ತ ಸಾಮಾನ್ಯವಾಗಿ ದಾಸ್ತಾನಿಗೆ ಸೇರುತ್ತದೆಯೇ ಹೊರತು ನೇರವಾಗಿ ತಮ್ಮ ರೋಗಿಗಲ್ಲ ಎಂಬುದನ್ನು ತಿಳಿಸಿ. 'ಮಗನದೇ ರಕ್ತ ಕೊಡಿ' ಎಂಬ ಬೇಡಿಕೆ ಪ್ರೀತಿಯಿಂದ ಬಂದದ್ದಾದರೂ, ಹತ್ತಿರದ ರಕ್ತಸಂಬಂಧಿಯ ರಕ್ತದಲ್ಲಿರುವ ಬಿಳಿಕಣಗಳು ರೋಗಿಯ ದೇಹದಲ್ಲಿ ನೆಲೆನಿಂತು ಅವರ ಅಂಗಾಂಶಗಳ ಮೇಲೆಯೇ ದಾಳಿ ಮಾಡುವ ಅಪಾಯವಿದೆ. ಅಂಥ ರಕ್ತವನ್ನು ವಿಕಿರಣಕ್ಕೆ ಒಳಪಡಿಸದೆ ಕೊಡಬಾರದು. ಹಣ ಪಡೆದು ರಕ್ತ ಕೊಡುವವರನ್ನು ಹುಡುಕಿಕೊಂಡು ಹೋಗುವುದಂತೂ ಬೇಡವೇ ಬೇಡ; ಸುಪ್ರೀಂ ಕೋರ್ಟ್‌ನ 1996ರ ತೀರ್ಪಿನ ಫಲವಾಗಿ 1998ರ ಜನವರಿಯಿಂದ ಅದು ದೇಶದಾದ್ಯಂತ ನಿಷಿದ್ಧ.

ಮೂರನೆಯ ಹೆಜ್ಜೆ: ಪ್ರವಾಹವೋ, ಸೋರಿಕೆಯೋ ಎಂದು ನಿರ್ಧರಿಸಿ

ಇಲ್ಲಿಂದ ದಾರಿ ಎರಡಾಗುತ್ತದೆ. ಒಂದು ಗಂಟೆಯಲ್ಲಿ 4 ಯೂನಿಟ್ (ಚೀಲ) ಕೆಂಪುಕಣ ಕೊಟ್ಟರೂ ರಕ್ತಸ್ರಾವ ನಿಂತಿಲ್ಲ, ಅಥವಾ 3 ಗಂಟೆಯಲ್ಲಿ ದೇಹದ ಅರ್ಧದಷ್ಟು ರಕ್ತ ಹೋಗುವ ಲಕ್ಷಣವಿದೆ ಎಂದಾದರೆ ಅದು ಭಾರಿ ರಕ್ತಸ್ರಾವ. ಉಳಿದದ್ದನ್ನು ಬೇರೆ ರೀತಿಯಲ್ಲಿ ನಿಭಾಯಿಸಬೇಕು. ಇವೆರಡನ್ನು ಬೆರೆಸುವುದರಿಂದಲೇ ಒಬ್ಬರಿಗೆ ಕೊಟ್ಟದ್ದು ಸಾಲದೆ, ಇನ್ನೊಬ್ಬರಿಗೆ ಹೆಚ್ಚಾಗಿ ತೊಂದರೆಯಾಗುತ್ತದೆ.

ಭಾರಿ ರಕ್ತಸ್ರಾವದಲ್ಲಿ ಪ್ರಯೋಗಾಲಯದ ಅಂಕಿಗಳಿಗೆ ಕಾಯಬಾರದು. ಕೆಂಪುಕಣಗಳನ್ನಷ್ಟೇ ಕೊಡುತ್ತ ಹೋದರೆ ಹೆಪ್ಪುಗಟ್ಟಿಸುವ ಅಂಶಗಳು ತೆಳುವಾಗಿ ರಕ್ತಸ್ರಾವ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ 2 ಯೂನಿಟ್ ಕೆಂಪುಕಣಕ್ಕೆ ಕನಿಷ್ಠ 1 ಯೂನಿಟ್ ಪ್ಲಾಸ್ಮಾ ಹೋಗಲೇಬೇಕು. ಅಪಘಾತದ ಗಾಯಾಳುಗಳಲ್ಲಿ ಒಂದಕ್ಕೊಂದು ಎಂಬ ಪ್ರಮಾಣದ ಹತ್ತಿರಕ್ಕೆ ಹೋಗಬಹುದು. ಉತ್ತರ ಅಮೆರಿಕದ 12 ಆಸ್ಪತ್ರೆಗಳ 680 ಗಾಯಾಳುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ 'ಪ್ರಾಪರ್' ಅಧ್ಯಯನದಲ್ಲಿ ಪ್ಲಾಸ್ಮಾ, ಪ್ಲೇಟ್‌ಲೆಟ್, ಕೆಂಪುಕಣಗಳನ್ನು ಸಮಸಮವಾಗಿ ಕೊಟ್ಟವರಲ್ಲಿ ಒಟ್ಟು ಸಾವಿನ ಪ್ರಮಾಣ ಗಮನಾರ್ಹವಾಗಿ ಇಳಿಯಲಿಲ್ಲ. ಆದರೆ ಮೊದಲ 24 ಗಂಟೆಗಳಲ್ಲಿ ರಕ್ತ ಸುರಿದೇ ಸತ್ತವರು ಕಡಿಮೆಯಿದ್ದರು. ಎಫ್‌ಎಫ್‌ಪಿ (ಹಿಮಗಟ್ಟಿಸಿಟ್ಟ ಪ್ಲಾಸ್ಮಾ) ಕರಗಲು 20ರಿಂದ 30 ನಿಮಿಷ ಬೇಕು ಎಂಬುದನ್ನು ನೆನಪಿಟ್ಟು, ಕೆಂಪುಕಣಗಳನ್ನು ಕೇಳುವಾಗಲೇ ಅದನ್ನೂ ಕೇಳಿ.

ಸಲೈನ್‌ನಲ್ಲಿ ಕೈ ಹಿಡಿತ ಇರಲಿ. ಲೀಟರ್‌ಗಟ್ಟಲೆ ಹೋದ ಸಲೈನ್ ಆಮ್ಲಜನಕವನ್ನು ಹೊರುವುದಿಲ್ಲ, ಹೆಪ್ಪುಗಟ್ಟುವುದಿಲ್ಲ, ದೇಹವನ್ನು ತಣ್ಣಗಾಗಿಸುತ್ತದೆ. ತಲೆಗೆ ಪೆಟ್ಟಾಗಿಲ್ಲದ ಗಾಯಾಳುವಿನಲ್ಲಿ ಸೋರಿಕೆ ಮುಚ್ಚುವವರೆಗೆ ಮೇಲಿನ ರಕ್ತದೊತ್ತಡ 80–90 ಇದ್ದರೆ ಸಾಕು. ತಲೆಗೆ ತೀವ್ರ ಪೆಟ್ಟಾಗಿದ್ದರೆ ಈ ರಿಯಾಯಿತಿ ಇಲ್ಲ, ಸರಾಸರಿ ಒತ್ತಡವನ್ನು 80ರ ಮೇಲೆ ಇಡಬೇಕು.

ಮೈ ತಣ್ಣಗಾಗುವುದು, ರಕ್ತ ಆಮ್ಲೀಯವಾಗುವುದು ಮತ್ತು ಹೆಪ್ಪುಗಟ್ಟದಿರುವುದು ಎಂಬ ಮೂರು ಒಂದನ್ನೊಂದು ಬೆಳೆಸುತ್ತ ರೋಗಿಯನ್ನು ಕೆಳಗೆಳೆಯುತ್ತವೆ. ಫ್ರಿಜ್ಜಿನಿಂದ ಬಂದ 4 ಡಿಗ್ರಿಯ ರಕ್ತವನ್ನು ವೇಗವಾಗಿ ಕೊಡುವಾಗ ಬ್ಲಡ್ ವಾರ್ಮರ್ (ರಕ್ತವನ್ನು ಬೆಚ್ಚಗಾಗಿಸುವ ಯಂತ್ರ) ಬಳಸಿ. ಅದಿಲ್ಲವೆಂದು ಚೀಲವನ್ನು ಬಿಸಿನೀರಿನ ಬಕೆಟ್ಟಿಗೆ ಹಾಕುವುದು, ಮೈಕ್ರೋವೇವ್‌ನಲ್ಲಿಡುವುದು ಕೆಂಪುಕಣಗಳನ್ನು ಒಡೆಯುತ್ತದೆ. ರೋಗಿಯನ್ನು ಹೊದೆಸಿ, ಎಸಿಯ ತಂಪನ್ನು ಕಡಿಮೆ ಮಾಡಿ, ಒದ್ದೆ ಬಟ್ಟೆ ತೆಗೆಯಿರಿ.

ಕ್ಯಾಲ್ಸಿಯಂ ನಮ್ಮಲ್ಲಿ ಅತಿ ಹೆಚ್ಚು ಮರೆಯುವ ಔಷಧ ಎಂದು ನನ್ನ ಅನಿಸಿಕೆ. ರಕ್ತ ಹೆಪ್ಪುಗಟ್ಟದಿರಲೆಂದು ಚೀಲದಲ್ಲಿ ಹಾಕಿರುವ ಸಿಟ್ರೇಟ್ ರೋಗಿಯ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಅದು ಇಳಿದರೆ ಹೃದಯವೂ ಸೋಲುತ್ತದೆ, ಹೆಪ್ಪೂ ಕಟ್ಟುವುದಿಲ್ಲ. ಅಯಾನೀಕೃತ ಕ್ಯಾಲ್ಸಿಯಂ ಲೀಟರಿಗೆ 1.1 ಮಿಲಿಮೋಲ್‌ಗಿಂತ ಕೆಳಗೆ ಹೋಗಬಾರದು. ಪರೀಕ್ಷೆಯ ಸೌಲಭ್ಯವಿಲ್ಲದಿದ್ದರೆ, ವೇಗವಾಗಿ ಹೋದ ಪ್ರತಿ 4 ಯೂನಿಟ್‌ಗೆ ಶೇ. 10ರ ಕ್ಯಾಲ್ಸಿಯಂ ಕ್ಲೋರೈಡ್ 10 ಮಿ.ಲೀ., ಅಥವಾ ಅದರ ಮೂರರಷ್ಟು ಕ್ಯಾಲ್ಸಿಯಂ ಗ್ಲುಕೋನೇಟ್ ಕೊಡಬಹುದು. ರಕ್ತ ಹೋಗುತ್ತಿರುವ ಸೂಜಿಯಲ್ಲೇ ಅದನ್ನು ಕೊಟ್ಟರೆ ಟ್ಯೂಬಿನಲ್ಲಿಯೇ ಹೆಪ್ಪುಗಟ್ಟುತ್ತದೆ. ಬೇರೆ ಸೂಜಿ ಬೇಕು.

ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಎಲ್ಲ ರಕ್ತಸ್ರಾವಕ್ಕೂ ಒಂದೇ ಮಂತ್ರದಂತೆ ಬಳಸಬಾರದು. 20,000ಕ್ಕೂ ಹೆಚ್ಚು ಗಾಯಾಳುಗಳಿದ್ದ 2010ರ 'ಕ್ರ್ಯಾಶ್-2' ಅಧ್ಯಯನದಲ್ಲಿ ಇದು ಜೀವ ಉಳಿಸಿತು. ಪ್ರಮಾಣ 10 ನಿಮಿಷದಲ್ಲಿ 1 ಗ್ರಾಂ, ಬಳಿಕ 8 ಗಂಟೆಯಲ್ಲಿ ಇನ್ನೊಂದು ಗ್ರಾಂ. ಆದರೆ ಗಾಯವಾಗಿ 3 ಗಂಟೆ ಕಳೆದ ಮೇಲೆ ಆರಂಭಿಸಿದವರಲ್ಲಿ ಕೆಡುಕೇ ಆಯಿತು. ಹೆರಿಗೆಯ ನಂತರದ ರಕ್ತಸ್ರಾವದಲ್ಲೂ ಅದೇ 3 ಗಂಟೆಯ ಗಡಿಯೊಳಗೆ 1 ಗ್ರಾಂ ಕೊಡಬೇಕೆಂದು 2017ರ 'ವುಮನ್' ಅಧ್ಯಯನ ತೋರಿಸಿತು. ಜಠರ ಮತ್ತು ಕರುಳಿನ ರಕ್ತಸ್ರಾವದಲ್ಲಿ ಮಾತ್ರ, 12,009 ರೋಗಿಗಳ 2020ರ 'ಹಾಲ್ಟ್-ಇಟ್' ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ರಕ್ತನಾಳದಲ್ಲಿ ಹೆಪ್ಪುಗಟ್ಟುವ ತೊಂದರೆ ಹೆಚ್ಚಾಯಿತು. ರಕ್ತವಾಂತಿಯ ರೋಗಿಗೆ ಅಭ್ಯಾಸಬಲದಿಂದ ಇದನ್ನು ಚುಚ್ಚುವುದನ್ನು ಬಿಡಬೇಕು.

ತಾಲ್ಲೂಕು ಮಟ್ಟದಲ್ಲಿ ಹಲವೆಡೆ ರಕ್ತ ಸಂಗ್ರಹ ಘಟಕ ಮಾತ್ರ ಇದ್ದು ಪ್ಲಾಸ್ಮಾ, ಪ್ಲೇಟ್‌ಲೆಟ್ ಸಿಗುವುದಿಲ್ಲ. ಅಂಥ ಕಡೆ ಎರಡನೆಯ ಯೂನಿಟ್ ಹಾಕುವ ಹೊತ್ತಿಗೇ ಮುಂದಿನ ಆಸ್ಪತ್ರೆಗೆ ಕಳುಹಿಸುವ ನಿರ್ಧಾರ ಆಗಿರಬೇಕು. ಆರನೆಯ ಯೂನಿಟ್ ಮುಗಿದ ಮೇಲೆ ಆಂಬುಲೆನ್ಸ್ ಕರೆಯುವುದಲ್ಲ.

ಇನ್ನು ಸೋರಿಕೆಯ ದಾರಿ. ರಕ್ತದೊತ್ತಡ ನಿಂತಿದೆ, ರಕ್ತ ನಿಧಾನವಾಗಿ ಹೋಗುತ್ತಿದೆ ಎಂದಾದರೆ ಹಿಮೋಗ್ಲೋಬಿನ್‌ಗೆ ಈಗ ಅರ್ಥವಿದೆ. ಬಾರ್ಸಿಲೋನಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ, ಜೀರ್ಣನಾಳದ ಮೇಲ್ಭಾಗದ ರಕ್ತಸ್ರಾವದ 921 ರೋಗಿಗಳ ಅಧ್ಯಯನದಲ್ಲಿ 7 ಗ್ರಾಂಗಿಂತ ಇಳಿದಾಗ ಮಾತ್ರ ರಕ್ತ ಪಡೆದವರು ಆರು ವಾರಗಳ ಕೊನೆಗೆ ಶೇ. 95ರಷ್ಟು ಬದುಕಿದ್ದರು, 9 ಗ್ರಾಂಗಿಂತ ಇಳಿದಾಗಲೇ ಪಡೆದವರಲ್ಲಿ ಶೇ. 91. ಹೆಚ್ಚು ರಕ್ತ ಪಡೆದವರಲ್ಲಿ ಮತ್ತೆ ರಕ್ತಸ್ರಾವವಾದದ್ದೂ ಹೆಚ್ಚು. ರಕ್ತ ಏರುತ್ತಿರುವಂತೆ ಸೋರುವ ನಾಳದ ಒತ್ತಡವೂ ಏರುತ್ತದೆ ಎಂಬುದನ್ನು ಯೋಚಿಸಿದರೆ ಇದು ಆಶ್ಚರ್ಯವಲ್ಲ. ಆದ್ದರಿಂದ 7 ಗ್ರಾಂ ಎಂಬ ಗಡಿಯನ್ನು ಇಟ್ಟುಕೊಂಡು, ಒಂದು ಯೂನಿಟ್ ಕೊಟ್ಟು, ಮತ್ತೆ ಪರೀಕ್ಷಿಸಿ, ಬೇಕಾದರೆ ಮಾತ್ರ ಇನ್ನೊಂದು ಕೊಡಿ. ಒಂದು ಯೂನಿಟ್‌ನಿಂದ ಸುಮಾರು 1 ಗ್ರಾಂ ಏರುತ್ತದೆ. ಹೃದ್ರೋಗವಿರುವವರಿಗೆ 8 ಗ್ರಾಂ ಗಡಿ ಇರಲಿ. ಈಗಷ್ಟೇ ಹೃದಯಾಘಾತವಾದವರಲ್ಲಿ 3,504 ರೋಗಿಗಳ 2023ರ 'ಮಿಂಟ್' ಅಧ್ಯಯನದ ಒಲವು 10 ಗ್ರಾಂ ಕಡೆಗಿದ್ದುದರಿಂದ ಹೃದ್ರೋಗ ತಜ್ಞರೊಡನೆ ಮಾತನಾಡಿ ನಿರ್ಧರಿಸಿ.

ನಾಲ್ಕನೆಯ ಹೆಜ್ಜೆ: ಹೆಪ್ಪುಗಟ್ಟದಿರುವುದಕ್ಕೆ ಕಾರಣ ಹುಡುಕಿ

ರಕ್ತಸ್ರಾವವಾಗುತ್ತಿರುವಾಗ ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ, ಮೆದುಳಿನೊಳಗೆ ರಕ್ತಸ್ರಾವವಿದ್ದರೆ 1,00,000ದ ಮೇಲೆ ಇರಿಸಲು ಯತ್ನಿಸಬೇಕು. ಫೈಬ್ರಿನೋಜನ್ ಡೆಸಿಲೀಟರಿಗೆ 150 ಮಿ.ಗ್ರಾಂಗಿಂತ ಇಳಿದರೆ ಕ್ರಯೋಪ್ರೆಸಿಪಿಟೇಟ್ (ಪ್ಲಾಸ್ಮಾದಿಂದ ಬೇರ್ಪಡಿಸಿದ, ಫೈಬ್ರಿನೋಜನ್ ಹೆಚ್ಚಿರುವ ಅಂಶ) ಕೊಡಿ, ವಯಸ್ಕರಿಗೆ ಸುಮಾರು 10 ಯೂನಿಟ್. ಬಾಣಂತಿಯಲ್ಲಿ ಈ ಗಡಿ 200, ಏಕೆಂದರೆ ಗರ್ಭಿಣಿಯರಲ್ಲಿ ಫೈಬ್ರಿನೋಜನ್ ಸಹಜವಾಗಿಯೇ ಹೆಚ್ಚಿರುತ್ತದೆ. ಬೇರೆಯವರಲ್ಲಿ ಸಾಧಾರಣ ಎನಿಸುವ 200 ಅವರಲ್ಲಿ ಅಪಾಯದ ಗಂಟೆ. ಪ್ಲಾಸ್ಮಾ ಕೊಡುವುದಾದರೆ ಒಂದೆರಡು ಯೂನಿಟ್ ಕೊಟ್ಟು ಸುಮ್ಮನಾಗುವುದರಿಂದ ಉಪಯೋಗವಿಲ್ಲ. ಕಿಲೋಗೆ 15 ಮಿ.ಲೀ. ಲೆಕ್ಕದಲ್ಲಿ ಕೊಡಬೇಕು.

ಆದರೆ ಅಂಕಿಗಿಂತ ಕಾರಣ ದೊಡ್ಡದು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಸೇವಿಸುವವರಿಗೆ ವಿಟಮಿನ್ ಕೆ ರಕ್ತನಾಳದ ಮೂಲಕ, ಜೊತೆಗೆ ಪ್ರೊಥ್ರಾಂಬಿನ್ ಕಾಂಪ್ಲೆಕ್ಸ್ (ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರ ಔಷಧ). ಅದು ಸಿಗದಿದ್ದರೆ ಮಾತ್ರ ಪ್ಲಾಸ್ಮಾ. ಯಕೃತ್ತಿನ ಸಿರೋಸಿಸ್ ಇರುವವರ ಐಎನ್‌ಆರ್ 2 ಬಂದಿದೆಯೆಂದು ಅದನ್ನು 'ಸರಿಪಡಿಸಲು' ಪ್ಲಾಸ್ಮಾ ಸುರಿದರೆ ಅನ್ನನಾಳದ ಉಬ್ಬಿದ ನಾಳಗಳ ಒತ್ತಡ ಹೆಚ್ಚುತ್ತದೆ. ಅಲ್ಲಿ ಬೇಕಾದದ್ದು ಆ ಒತ್ತಡವನ್ನು ಇಳಿಸುವ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೋಟೈಡ್, ಆಂಟಿಬಯೋಟಿಕ್ ಮತ್ತು 12 ಗಂಟೆಯೊಳಗೆ ಎಂಡೋಸ್ಕೋಪಿ. ಆಸ್ಪಿರಿನ್ ಸೇವಿಸುತ್ತಿದ್ದು ಮೆದುಳಿನಲ್ಲಿ ತಾನಾಗಿ ರಕ್ತಸ್ರಾವವಾದವರಿಗೆ, ಶಸ್ತ್ರಚಿಕಿತ್ಸೆಯ ಯೋಚನೆ ಇಲ್ಲದಿದ್ದರೆ, ಪ್ಲೇಟ್‌ಲೆಟ್ ಕೊಡಬೇಡಿ. 2016ರ 'ಪ್ಯಾಚ್' ಅಧ್ಯಯನದಲ್ಲಿ ಪ್ಲೇಟ್‌ಲೆಟ್ ಪಡೆದವರ ಸ್ಥಿತಿಯೇ ಹೆಚ್ಚು ಕೆಟ್ಟಿತು.

ನಮ್ಮ ಊರುಗಳಲ್ಲಿ ಮರೆಯಬಾರದ ಎರಡು ಸಂದರ್ಭಗಳಿವೆ. ಕೊಳಕುಮಂಡಲ ಕಚ್ಚಿದಾಗ ವಿಷವು ಹೆಪ್ಪುಗಟ್ಟಿಸುವ ಅಂಶಗಳನ್ನು ಸುಟ್ಟು ಮುಗಿಸುತ್ತದೆ. ವಿಷ ರಕ್ತದಲ್ಲಿರುವಾಗ ಪ್ಲಾಸ್ಮಾ ಕೊಟ್ಟರೆ ಉರಿಯುವ ಒಲೆಗೆ ಸೌದೆ ಹಾಕಿದಂತೆ. ಮೊದಲು ಸರ್ಪವಿಷ ಪ್ರತಿವಿಷ ಕೊಡಬೇಕು. ಹೊಸ, ಒಣ, ಸ್ವಚ್ಛ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಬಿಟ್ಟು ವಾಲಿಸಿ ಹೆಪ್ಪುಗಟ್ಟಿದೆಯೇ ಎಂದು ನೋಡುವ ಪರೀಕ್ಷೆ ಯಾವ ಸಣ್ಣ ಆಸ್ಪತ್ರೆಯಲ್ಲಾದರೂ ಸಾಧ್ಯ. ಪ್ಲಾಸ್ಟಿಕ್ ಟ್ಯೂಬು ಅಥವಾ ಸೋಪಿನಲ್ಲಿ ತೊಳೆದ ಗಾಜು ಬಳಸಿದರೆ ಫಲಿತಾಂಶ ನಂಬಲಾಗದು. ಇನ್ನೊಂದು ಡೆಂಗಿ. ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯೇ ಮನೆಮನೆಯ ಮಾತಾಗುತ್ತದೆ, ದಾನಿಗಳಿಗಾಗಿ ಮನೆಯವರು ಅಲೆಯುತ್ತಾರೆ. ರಕ್ತಸ್ರಾವವಿಲ್ಲದ ಡೆಂಗಿ ರೋಗಿಗೆ ಮುಂಜಾಗ್ರತೆಯಾಗಿ ಪ್ಲೇಟ್‌ಲೆಟ್ ಕೊಡುವುದರಿಂದ ರಕ್ತಸ್ರಾವ ತಪ್ಪುವುದಿಲ್ಲ ಎಂದು ಸಿಂಗಪುರ ಮತ್ತು ಮಲೇಷ್ಯಾದ ರೋಗಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ತೋರಿಸಿದೆ. ಡೆಂಗಿ ರೋಗಿಗಳಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ದಿಢೀರನೆ ಇಳಿದು ರಕ್ತದೊತ್ತಡವೂ ಕುಸಿದರೆ ಒಳಗೆ ರಕ್ತಸ್ರಾವವಾಗುತ್ತಿದೆ ಎಂದರ್ಥ. ಆಗ ಬೇಕಾದದ್ದು ರಕ್ತ.

ಐದನೆಯ ಹೆಜ್ಜೆ: ಚೀಲವನ್ನು ಹಾಕುವ ಕ್ಷಣ

ಇಬ್ಬರು, ಹಾಸಿಗೆಯ ಪಕ್ಕದಲ್ಲೇ ನಿಂತು, ಒಬ್ಬರು ಗಟ್ಟಿಯಾಗಿ ಓದುತ್ತ ಇನ್ನೊಬ್ಬರು ಹೋಲಿಸುತ್ತ ರೋಗಿಯ ಹೆಸರು, ಆಸ್ಪತ್ರೆ ಸಂಖ್ಯೆ, ಚೀಲದ ಸಂಖ್ಯೆ, ಗುಂಪು, ಅವಧಿ ಮುಗಿಯುವ ದಿನ ಎಲ್ಲವನ್ನೂ ಮಣಿಕಟ್ಟಿನ ಪಟ್ಟಿಯೊಡನೆ ತಾಳೆ ನೋಡಬೇಕು. ವೆಂಟಿಲೇಟರ್‌ನಲ್ಲಿರುವ ರೋಗಿ ತನ್ನ ಹೆಸರನ್ನು ತಾನು ಹೇಳಲಾರರು. ಅವರ ಪರವಾಗಿ ನಿಲ್ಲುವವರು ನೀವಿಬ್ಬರೇ. ಎಷ್ಟೇ ಗದ್ದಲವಿದ್ದರೂ ಈ ಒಂದು ನಿಮಿಷವನ್ನು ಯಾರಿಗೂ ಬಿಟ್ಟುಕೊಡಬೇಡಿ.

ಜರಡಿಯಿರುವ ಬ್ಲಡ್ ಸೆಟ್ ಬಳಸಿ. ಜೊತೆಗೆ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಹೋಗಬಾರದು: ರಿಂಗರ್ ಲ್ಯಾಕ್ಟೇಟ್‌ನ ಕ್ಯಾಲ್ಸಿಯಂನಿಂದ ಹೆಪ್ಪು ಕಟ್ಟಬಹುದು, ಡೆಕ್ಸ್‌ಟ್ರೋಸ್‌ನಿಂದ ಕಣಗಳು ಒಡೆಯುತ್ತವೆ. ರಕ್ತನಿಧಿಯ ಫ್ರಿಜ್ಜಿನಿಂದ ಹೊರಬಂದ ಕೆಂಪುಕಣಗಳನ್ನು 30 ನಿಮಿಷದೊಳಗೆ ಆರಂಭಿಸಿ 4 ಗಂಟೆಯೊಳಗೆ ಮುಗಿಸಿ. ವಾರ್ಡಿನಲ್ಲಿ ಇನ್ಸುಲಿನ್ ಇಡುವ ಫ್ರಿಜ್ಜು ರಕ್ತ ಇಡುವ ಜಾಗವಲ್ಲ. ಪ್ಲೇಟ್‌ಲೆಟ್‌ಗಳನ್ನಂತೂ ಯಾವ ಫ್ರಿಜ್ಜಿಗೂ ಹಾಕಬೇಡಿ. 20–24 ಡಿಗ್ರಿಯಲ್ಲಿ ಅಲುಗಾಡುತ್ತಿರಬೇಕಾದ ಅವನ್ನು ತಂದ ಕೂಡಲೇ ಅರ್ಧ ಗಂಟೆಯಲ್ಲಿ ಕೊಟ್ಟು ಮುಗಿಸಿ. ಆರಂಭಕ್ಕೆ ಮೊದಲು, 15 ನಿಮಿಷಕ್ಕೆ ಮತ್ತು ಮುಗಿದಾಗ ನಾಡಿ, ರಕ್ತದೊತ್ತಡ, ಉಷ್ಣತೆ, ಆಮ್ಲಜನಕದ ಮಟ್ಟ ಬರೆದಿಡಿ.

ಆರನೆಯ ಹೆಜ್ಜೆ: ಪ್ರತಿಕ್ರಿಯೆಯನ್ನು ಗುರುತಿಸುವುದು

ಎಚ್ಚರವಿರುವ ರೋಗಿ ಚಳಿ, ಸೊಂಟನೋವು, ಎದೆಬಿಗಿತ ಎಂದು ಹೇಳುತ್ತಾರೆ. ಅರಿವಳಿಕೆಯಲ್ಲಿರುವ ರೋಗಿ ಏನನ್ನೂ ಹೇಳುವುದಿಲ್ಲ. ಏರುವ ಜ್ವರ, ಕುಸಿಯುವ ಒತ್ತಡ, ಮೂತ್ರದ ಚೀಲದಲ್ಲಿ ಕಾಣುವ ಕೆಂಪು ಬಣ್ಣ, ಸೂಜಿ ಚುಚ್ಚಿದ ಜಾಗಗಳಿಂದ ಹೊಸದಾಗಿ ಒಸರುವ ರಕ್ತ ಇಷ್ಟೇ ಸುಳಿವು. ರಕ್ತಸ್ರಾವದಿಂದಲೇ ಒತ್ತಡ ಇಳಿಯುತ್ತಿದೆ ಎಂದು ಭಾವಿಸಿ ಇದನ್ನು ಕಡೆಗಣಿಸುವುದು ಬಹಳ ಸುಲಭ. ಅನುಮಾನ ಬಂದ ತಕ್ಷಣ ರಕ್ತ ನಿಲ್ಲಿಸಿ, ಸೆಟ್ ಬದಲಿಸಿ ಸಲೈನ್ ಹಾಕಿ ಸೂಜಿಯನ್ನು ಉಳಿಸಿಕೊಳ್ಳಿ, ಚೀಲ ಮತ್ತು ಪಟ್ಟಿಯನ್ನು ಮತ್ತೆ ತಾಳೆ ನೋಡಿ, ಚೀಲವನ್ನು ಸೆಟ್ ಸಮೇತ ಹೊಸ ಮಾದರಿಯೊಡನೆ ರಕ್ತನಿಧಿಗೆ ಕಳುಹಿಸಿ. ಗಂಟಲು ಊದಿ ಉಸಿರು ಕಟ್ಟಿ ಒತ್ತಡ ಕುಸಿದರೆ ಅಡ್ರಿನಲಿನ್ 0.5 ಮಿ.ಗ್ರಾಂ ತೊಡೆಯ ಸ್ನಾಯುವಿಗೆ.

ಉಸಿರಾಟ ಕೆಟ್ಟರೆ ಎರಡು ಸಾಧ್ಯತೆಗಳು. ದ್ರವ ಹೆಚ್ಚಾಗಿ ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಒತ್ತಡ ಏರಿರುತ್ತದೆ, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್‌ಗೆ ಸ್ಪಂದಿಸುತ್ತದೆ. ವಯಸ್ಸಾದವರಲ್ಲಿ, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ದಾನಿಯ ಪ್ರತಿಕಾಯಗಳಿಂದ ಶ್ವಾಸಕೋಶಕ್ಕೇ ಪೆಟ್ಟಾಗಿದ್ದರೆ ಸಾಮಾನ್ಯವಾಗಿ 6 ಗಂಟೆಯೊಳಗೆ ಆಮ್ಲಜನಕ ಕುಸಿಯುತ್ತದೆ, ಒತ್ತಡ ಇಳಿದಿರುತ್ತದೆ. ಇಲ್ಲಿ ಉಸಿರಾಟಕ್ಕೆ ಆಸರೆಯೇ ಚಿಕಿತ್ಸೆ. ಯಾವುದೇ ಆದರೂ ವರದಿ ಮಾಡಿ. ಭಾರತದ ಹೀಮೋವಿಜಿಲೆನ್ಸ್ (ರಕ್ತ ಕೊಟ್ಟಾಗಿನ ಪ್ರತಿಕ್ರಿಯೆಗಳ ಮೇಲೆ ನಿಗಾ ಇಡುವ) ಕಾರ್ಯಕ್ರಮ 2012ರಿಂದ ಇಂಥ ವರದಿಗಳನ್ನು ಸಂಗ್ರಹಿಸುತ್ತಿದೆ, ಮತ್ತು ವರದಿ ಮಾಡಿದವರನ್ನು ಶಿಕ್ಷಿಸುವುದು ಅದರ ಉದ್ದೇಶವಲ್ಲ.

ಏಳನೆಯ ಹೆಜ್ಜೆ: ನಿಲ್ಲಿಸುವುದು

ಭಾರಿ ರಕ್ತಸ್ರಾವ ನಡೆಯುತ್ತಿರುವಷ್ಟು ಹೊತ್ತು ಅರ್ಧದಿಂದ ಒಂದು ಗಂಟೆಗೊಮ್ಮೆ ಪರೀಕ್ಷೆಗಳನ್ನು ಮರುಕಳಿಸಿ, ಅಂಕಿಗಳು ಬಂದಂತೆ ಅಂದಾಜಿನ ಪ್ರಮಾಣವನ್ನು ಬಿಟ್ಟು ಅಂಕಿಗಳನ್ನು ಅನುಸರಿಸಿ. ಸೋರಿಕೆ ನಿಂತಿತೆಂದು ಶಸ್ತ್ರಚಿಕಿತ್ಸಕರು ಹೇಳಿದ ಮೇಲೆ 7 ಗ್ರಾಂ ಗಡಿಗೆ ಮರಳಿ. 'ಇರಲಿ, ಇನ್ನೊಂದು ಹಾಕೋಣ' ಎಂಬ ಯೂನಿಟ್‌ನಿಂದ ಯಾರಿಗೂ ಲಾಭವಿಲ್ಲ. ರಕ್ತಸ್ರಾವ ನಿಂತ ಒಂದೆರಡು ದಿನಗಳಲ್ಲಿ ಇದೇ ರೋಗಿಯ ಕಾಲಿನ ನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಶುರುವಾಗುವುದರಿಂದ, ಅದನ್ನು ತಡೆಯುವ ಹೆಪಾರಿನ್ ಯಾವಾಗ ಆರಂಭಿಸಬೇಕೆಂದು ಪ್ರತಿದಿನ ಬೆಳಿಗ್ಗೆ ಕೇಳಿಕೊಳ್ಳಬೇಕು. ಪರೀಕ್ಷೆಗೆಂದು ದಿನಕ್ಕೆ ಹತ್ತಾರು ಮಿ.ಲೀ. ರಕ್ತ ತೆಗೆಯುವುದನ್ನೂ ಈಗ ಕಡಿಮೆ ಮಾಡಿ.

ಕೊನೆಯದಾಗಿ, ರಕ್ತನಿಧಿಗೆ ಫೋನ್ ಮಾಡಿ ರಕ್ತಸ್ರಾವ ನಿಂತಿದೆ ಎಂದು ತಿಳಿಸಿ. ನಿಮ್ಮ ರೋಗಿಯ ಹೆಸರಿನಲ್ಲಿ ಅಲ್ಲಿ ಕಾದಿರಿಸಿದ ಚೀಲಗಳು ಬಿಡುಗಡೆಯಾಗಬೇಕು. ತಣ್ಣನೆಯ ಪೆಟ್ಟಿಗೆಯಲ್ಲಿ ತಂದು ತೆರೆಯದೆ ಉಳಿದ ಚೀಲಗಳು ಗಡುವಿನೊಳಗೆ ಹಿಂದಿರುಗಬೇಕು. ಅದೇ ಗುಂಪಿನ ಇನ್ನೊಬ್ಬರಿಗಾಗಿ ಅಲ್ಲಿ ಯಾರೋ ಕಾಯುತ್ತಿರಬಹುದು.